ಕೊನೆಯ ಸುತ್ತಿನ ಹುಡುಗರು

53, 74, 221, 257, 171, 210. ಡೆಟ್ರಾಯ್ಟಿನಲ್ಲಿ ಐಸ್ ಹಾಕಿ ನೋಡಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಈ ಸಂಖ್ಯೆಗಳು ಅವರಿಗೆ ಬಾಯಿಪಾಠ. ಇವು ಜೆರ್ಸಿಯ ಬೆನ್ನಿನ ಮೇಲಿನ ಸಂಖ್ಯೆಗಳಲ್ಲ, ಹೊಡೆದ ಗೋಲುಗಳ ಲೆಕ್ಕವೂ ಅಲ್ಲ. ಊರಿನ ತಂಡವಾದ ರೆಡ್ ವಿಂಗ್ಸ್ ತನ್ನ ಅತಿ ದೊಡ್ಡ ಆಟಗಾರರನ್ನು ಡ್ರಾಫ್ಟಿನಲ್ಲಿ ಎಷ್ಟನೆಯವರನ್ನಾಗಿ ಆರಿಸಿಕೊಂಡಿತು ಎನ್ನುವ ಕ್ರಮಾಂಕಗಳು ಇವು. ಬೇರೆ ಊರುಗಳಲ್ಲಿ ಜನ ಮೊದಲನೆಯವನ, ಎರಡನೆಯವನ ಹೆಸರು ಹೇಳಿ ಹೆಮ್ಮೆ ಪಡುತ್ತಾರೆ. ಡೆಟ್ರಾಯ್ಟಿನವರ ಹೆಮ್ಮೆ ಇನ್ನೂರರ ಆಚೆಯದು.

1990ರ ದಶಕದ ನಡುವೆ ನಾನು ಆ ಊರಿಗೆ ಹೋದಾಗ ಈ ಸಂಖ್ಯೆಗಳಲ್ಲಿ ಮೊದಲ ಮೂರು ಆಗಲೇ ಜನಜನಿತವಾಗಿದ್ದವು. ಉಳಿದ ಮೂರು ನನ್ನ ಕಣ್ಣೆದುರೇ ಸೇರಿಕೊಂಡವು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡೈ ವಿನ್ಯಾಸ ನನ್ನ ಕೆಲಸ. ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಸವೆಸಿದ್ದ ಹಿರಿಯರೊಬ್ಬರು ನನಗೆ ಉಕ್ಕಿನ ಗುಣವನ್ನೂ ಹಾಕಿಯ ಗುಣವನ್ನೂ ಒಟ್ಟಿಗೇ ಕಲಿಸಿದರು. ಹಾಕಿ ಎಂದರೆ ನನಗೆ ಅಲ್ಲಿಯವರೆಗೆ ಹುಲ್ಲಿನ ಮೈದಾನ, ಧ್ಯಾನ್‌ಚಂದ್, ರೇಡಿಯೊ ಕಾಮೆಂಟರಿ. ಮಂಜುಗಡ್ಡೆಯ ಮೇಲೆ, ಬೂಟಿಗೆ ಬ್ಲೇಡು ಕಟ್ಟಿಕೊಂಡು, ರಬ್ಬರಿನ ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವ ಈ ಆಟದಲ್ಲಿ ಮೊದಲ ಕೆಲವು ವಾರ ಆ ಬಿಲ್ಲೆ, ಅಂದರೆ ಪಕ್, ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಪಕ್ ನೋಡಬೇಡ, ಆಟಗಾರರ ಭುಜ ನೋಡು ಎಂದು ಆ ಹಿರಿಯರು ಹೇಳಿಕೊಟ್ಟರು. ಅದಾದ ಮೇಲೆ ಆಟ ತೆರೆದುಕೊಂಡಿತು.

ಡ್ರಾಫ್ಟ್ ಎಂದರೇನು ಎಂದು ನಮ್ಮ ಕಡೆಯವರು ಕೇಳುತ್ತಾರೆ. ಪ್ರತಿವರ್ಷ ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ನ್ಯಾಷನಲ್ ಹಾಕಿ ಲೀಗಿನ ಎಲ್ಲ ತಂಡಗಳೂ ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಒಬ್ಬೊಬ್ಬರನ್ನಾಗಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಅವಕಾಶ, ಗೆದ್ದವರಿಗೆ ಕೊನೆಗೆ. ಎಲ್ಲರಿಗೂ ಒಂದೊಂದು ಸರದಿ ಆದರೆ ಒಂದು ಸುತ್ತು. ಮೊದಲ ಸುತ್ತಿನಲ್ಲಿ ಕ್ಯಾಮೆರಾಗಳಿರುತ್ತವೆ, ಹೊಸ ಸೂಟು ತೊಟ್ಟ ಹುಡುಗರಿರುತ್ತಾರೆ, ಕಣ್ಣೊರೆಸಿಕೊಳ್ಳುವ ತಾಯಂದಿರಿರುತ್ತಾರೆ. ಐದು ಆರನೆಯ ಸುತ್ತಿನ ಹೊತ್ತಿಗೆ ಸಭಾಂಗಣ ಅರ್ಧ ಖಾಲಿ. ಆಗ ಓದುವ ಹೆಸರುಗಳ ಹುಡುಗರು ಎಷ್ಟೋ ಸಲ ಅಲ್ಲಿ ಇರುವುದೂ ಇಲ್ಲ. ಅವರಲ್ಲಿ ಬಹುತೇಕರು ಈ ಲೀಗಿನಲ್ಲಿ ಒಂದು ಆಟವನ್ನೂ ಆಡದೆ ಬೇರೆ ಬದುಕು ಹಿಡಿಯುತ್ತಾರೆ.

ಇಂಥ ಖಾಲಿ ಹೊತ್ತಿನಲ್ಲಿ ಡೆಟ್ರಾಯ್ಟ್ ಯಾಕೆ ಎಚ್ಚರವಾಗಿತ್ತು ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1982ರಲ್ಲಿ ಲಿಟಲ್ ಸೀಸರ್ಸ್ ಪಿಜ್ಜಾ ಕಂಪನಿಯ ಮೈಕ್ ಇಲಿಚ್ ಈ ತಂಡವನ್ನು ಕೊಂಡಾಗ ಅದನ್ನು ಊರಿನವರೇ ಸತ್ತ ರೆಕ್ಕೆಗಳು ಎಂದು ಕರೆಯುತ್ತಿದ್ದರು. ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ 1955ರಲ್ಲಿ ಬಂದದ್ದೇ ಕೊನೆ. ಇಲಿಚ್ ಕರೆತಂದ ಜನರಲ್ ಮ್ಯಾನೇಜರ್ ಜಿಮ್ ಡೆವೆಲ್ಲಾನೊ ಮೂಲತಃ ಸ್ಕೌಟ್, ಊರೂರು ತಿರುಗಿ ಹುಡುಗರನ್ನು ಗುರುತಿಸುವ ಕಸುಬಿನವರು. 1983ರ ಡ್ರಾಫ್ಟಿನಲ್ಲಿ ಅವರು ನಾಲ್ಕನೆಯವನಾಗಿ ಸ್ಟೀವ್ ಐಜರ್‌ಮನ್‌ನನ್ನು ಆರಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಐದನೆಯ ಸುತ್ತಿನಲ್ಲಿ 86ನೆಯವನಾಗಿ ಚೆಕೊಸ್ಲೊವಾಕಿಯಾದ ಪೀಟರ್ ಕ್ಲಿಮಾನನ್ನೂ ಬರೆದುಕೊಂಡರು. ಕಮ್ಯುನಿಸ್ಟ್ ದೇಶದ ಹುಡುಗ, ಬರುವ ಹಾಗಿಲ್ಲ, ಬಿಡುವ ಹಾಗಿಲ್ಲ. 1985ರಲ್ಲಿ ಅವನ ತಂಡ ಪಶ್ಚಿಮ ಜರ್ಮನಿಗೆ ಬಂದಿದ್ದಾಗ ಡೆಟ್ರಾಯ್ಟಿನವರು ಅಲ್ಲಿಗೇ ಹೋಗಿ ಅವನನ್ನು ಕದ್ದುಮುಚ್ಚಿ ಕರೆದುಕೊಂಡು ಬಂದರು. ಕ್ಲಿಮಾ ದೊಡ್ಡ ದಂತಕತೆಯೇನೂ ಆಗಲಿಲ್ಲ. ಆದರೆ ಕಮ್ಯುನಿಸ್ಟ್ ದೇಶಗಳ ಗೋಡೆಯಲ್ಲಿ ಬಿರುಕಿದೆ, ತಾಳ್ಮೆಯೂ ಧೈರ್ಯವೂ ಇದ್ದರೆ ಕೈ ಹಾಕಬಹುದು ಎಂಬುದು ಈ ತಂಡಕ್ಕೆ ಗೊತ್ತಾಯಿತು. ಮುಂದಿನದೆಲ್ಲ ಅಲ್ಲಿಂದ ಹುಟ್ಟಿತು ಎಂದೇ ನನ್ನ ನಂಬಿಕೆ.

1989ರ ಜೂನ್, ಮಿನೆಸೋಟ ರಾಜ್ಯದ ಬ್ಲೂಮಿಂಗ್ಟನ್. ಒಂದೇ ದಿನದಲ್ಲಿ ಒಂದೇ ತಂಡ ಇಷ್ಟು ಸಂಪತ್ತನ್ನು ಮನೆಗೆ ಒಯ್ದದ್ದು ಹಾಕಿಯ ಚರಿತ್ರೆಯಲ್ಲಿ ಇನ್ನೊಂದಿಲ್ಲ ಎಂದು ನಾನು ಯಾರ ಎದುರು ಬೇಕಾದರೂ ವಾದಿಸುತ್ತೇನೆ. ಮೂರನೆಯ ಸುತ್ತಿನಲ್ಲಿ 53ನೆಯವನಾಗಿ ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರಮ್. ನಾಲ್ಕನೆಯ ಸುತ್ತಿನಲ್ಲಿ 74ನೆಯವನಾಗಿ ಸೋವಿಯತ್ ಒಕ್ಕೂಟದ ಸೆರ್ಗೈ ಫೆಡೊರೊವ್. ಹನ್ನೊಂದನೆಯ ಸುತ್ತಿನಲ್ಲಿ 221ನೆಯವನಾಗಿ ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್. ಈ ಮೂವರೂ ತಡವಾಗಿ ಸಿಕ್ಕವರೇ, ಆದರೆ ತಡವಾದ ಕಾರಣ ಒಬ್ಬೊಬ್ಬರದು ಒಂದೊಂದು.

ಫೆಡೊರೊವ್ ಎಂಥವನೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ಕೋದ ಸೇನಾ ತಂಡದಲ್ಲಿ ಪಾವೆಲ್ ಬುರೆ, ಅಲೆಕ್ಸಾಂಡರ್ ಮೊಗಿಲ್ನಿ ಜೊತೆ ಆಡುತ್ತಿದ್ದ ಹುಡುಗನನ್ನು ಕಾಣದ ಸ್ಕೌಟ್ ಯಾರಿದ್ದಾನೆ? ಅವನನ್ನು ಹಿಂದಕ್ಕೆ ತಳ್ಳಿದ್ದು ಭಯ. ಸೋವಿಯತ್ ಸರ್ಕಾರ ಬಿಡದಿದ್ದರೆ ಆಯ್ಕೆ ವ್ಯರ್ಥ ಎಂದು ಎಲ್ಲರೂ ಕೈ ಕಟ್ಟಿಕೊಂಡರು. ಆ ಡ್ರಾಫ್ಟಿಗೆ ಕೆಲವೇ ವಾರ ಮೊದಲು ಮೊಗಿಲ್ನಿ ಸ್ಟಾಕ್‌ಹೋಮಿನಿಂದ ಓಡಿಹೋಗಿ ಬಫಲೊ ತಂಡ ಸೇರಿಕೊಂಡಿದ್ದನ್ನು ಎಲ್ಲರೂ ನೋಡಿದ್ದರು. ಆದರೂ ಎದೆಗಾರಿಕೆ ತೋರಿದ್ದು ಡೆಟ್ರಾಯ್ಟ್. 1990ರಲ್ಲಿ ಗುಡ್‌ವಿಲ್ ಕ್ರೀಡಾಕೂಟಕ್ಕೆಂದು ಅಮೆರಿಕಕ್ಕೆ ಬಂದಿದ್ದ ಸೋವಿಯತ್ ತಂಡ ಪೋರ್ಟ್‌ಲ್ಯಾಂಡಿನ ಹೋಟೆಲಿನಲ್ಲಿ ಇಳಿದಿದ್ದಾಗ ಫೆಡೊರೊವ್ ಅಲ್ಲಿಂದ ಹೊರಬಿದ್ದು, ಇಲಿಚ್ ಅವರ ವಿಮಾನ ಹತ್ತಿ ಡೆಟ್ರಾಯ್ಟಿಗೆ ಬಂದ. ನಾಲ್ಕು ವರ್ಷದಲ್ಲಿ, 1994ರಲ್ಲಿ, ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಅವನದಾಯಿತು. ಯುರೋಪಿನಲ್ಲಿ ಆಟ ಕಲಿತವನೊಬ್ಬ ಅದನ್ನು ಪಡೆದದ್ದು ಅದೇ ಮೊದಲು. 1996ರ ಕ್ರಿಸ್‌ಮಸ್ ಮರುದಿನ ವಾಷಿಂಗ್ಟನ್ ವಿರುದ್ಧ ತಂಡದ ಐದಕ್ಕೆ ಐದು ಗೋಲನ್ನೂ ಅವನೊಬ್ಬನೇ ಹೊಡೆದು 5-4ರಿಂದ ಗೆಲ್ಲಿಸಿದ್ದನ್ನು ನಾನು ರೇಡಿಯೊದಲ್ಲಿ ಕೇಳಿದೆ. ಐದನೆಯದು ಓವರ್‌ಟೈಮಿನಲ್ಲಿ. ಮರುದಿನ ಟೂಲ್ ರೂಮಿನಲ್ಲಿ ಯಂತ್ರಗಳು ತಡವಾಗಿ ಶುರುವಾದವು.

ಲಿಡ್‌ಸ್ಟ್ರಮ್ ಕತೆ ಬೇರೆ. ಅವನಿಗೆ ಅಡ್ಡ ಬಂದದ್ದು ರಾಜಕೀಯವಲ್ಲ, ಅವನ ಆಟದ ಸದ್ದಿಲ್ಲದ ಗುಣ. ವೆಸ್ತೆರೋಸ್ ತಂಡದ ತೆಳ್ಳಗಿನ ಹುಡುಗ. ಯಾರನ್ನೂ ಗುದ್ದಿ ಬೀಳಿಸುವುದಿಲ್ಲ, ಕೂಗಾಡುವುದಿಲ್ಲ. ಕ್ರಿಸ್ಟರ್ ರಾಕ್‌ಸ್ಟ್ರಮ್ ಎಂಬ ಸ್ವೀಡಿಷ್ ಸ್ಕೌಟ್ ಅವನನ್ನು ಕಂಡು ಡೆಟ್ರಾಯ್ಟಿಗೆ ಹೇಳಿದರು. ಎರಡು ವರ್ಷ ಅವನನ್ನು ಸ್ವೀಡನ್ನಿನಲ್ಲೇ ಆಡಲು ಬಿಟ್ಟು 1991ರಲ್ಲಿ ಕರೆಸಿಕೊಂಡರು. ಅಲ್ಲಿಂದ ಇಪ್ಪತ್ತು ಸೀಸನ್, 1564 ಆಟ, ಎಲ್ಲವೂ ಇದೇ ತಂಡಕ್ಕೆ. ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಸಿಗುವ ನಾರಿಸ್ ಟ್ರೋಫಿ ಏಳು ಸಲ.

ಅಂಕಿ ಹೇಳಿದರೆ ಅವನ ಆಟ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನದಿಯ ದಂಡೆಯಲ್ಲಿದ್ದ ಜೋ ಲೂಯಿಸ್ ಅರೀನಾದಲ್ಲಿ ನಮಗೆ ಸಿಗುತ್ತಿದ್ದುದು ಮೇಲಿನ ಸಾಲಿನ ಅಗ್ಗದ ಟಿಕೆಟ್. ಆ ಎತ್ತರದಿಂದ ಇಡೀ ಮಂಜಿನ ಹಾಸು ಅಂಗೈಯಲ್ಲಿ ಕಂಡಂತೆ ಕಾಣುತ್ತಿತ್ತು. ಲಿಡ್‌ಸ್ಟ್ರಮ್ ದೂರದಿಂದ ಹೊಡೆದ ಪಕ್ ಗೋಲಿನ ಬಾಯಿಗೆ ಹೋಗದೆ ಪಕ್ಕಕ್ಕೆ ಎರಡಡಿ ಆಚೆ ಹೋಗುತ್ತಿತ್ತು. ಗುರಿ ತಪ್ಪಿತು ಎಂದು ಹೊಸಬರು ನಿಟ್ಟುಸಿರು ಬಿಡುತ್ತಿದ್ದರು. ಆದರೆ ಜೋ ಲೂಯಿಸಿನ ಹಿಂಬದಿಯ ಹಲಗೆಗಳು ಬಲು ಚುರುಕು, ಬಡಿದ ಪಕ್ಕನ್ನು ಅಷ್ಟೇ ವೇಗದಲ್ಲಿ ಹಿಂದಕ್ಕೆ ಒದೆಯುತ್ತಿದ್ದವು. ಲಿಡ್‌ಸ್ಟ್ರಮ್ ಹಲಗೆಗೇ ಹೊಡೆಯುತ್ತಿದ್ದ. ಗೋಲಿ, ಅಂದರೆ ಗೋಲು ಕಾಯುವವನು, ಒಂದು ಬದಿಗೆ ವಾಲಿರುವಾಗ ಪಕ್ ಇನ್ನೊಂದು ಬದಿಯಿಂದ ಪುಟಿದು ಬಂದು, ಅಲ್ಲಿ ಕಾದು ನಿಂತ ತನ್ನವನ ಕೋಲಿಗೆ ಸಿಗುತ್ತಿತ್ತು. ಹೊಡೆತ, ಹಲಗೆ, ಕೋಲು, ಗೋಲು: ಎಲ್ಲ ಒಂದು ಉಸಿರಿನಲ್ಲಿ. ಹತ್ತೊಂಬತ್ತರ ಹುಡುಗನಲ್ಲಿ ಇಂಥ ಬುದ್ಧಿಯನ್ನು ಯಾವ ಗಡಿಯಾರ ಹಿಡಿದು, ಯಾವ ತಕ್ಕಡಿಯಲ್ಲಿ ತೂಗಿ ಕಂಡುಕೊಳ್ಳುವುದು? ಕಂಡುಕೊಳ್ಳಬೇಕಾದರೆ ಅವನ ಆಟ ನೋಡುತ್ತ ಕೂರಬೇಕು.

ಕಾದು ನಿಲ್ಲುತ್ತಿದ್ದ ಆ ಆಟಗಾರನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು 221.

1987ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದ ಪಿಯೆಷ್ಟ್ಯಾನಿ ಎಂಬ ಊರಿನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಆಟ ನಡೆಯುವಾಗ ಕೆನಡಾ ಮತ್ತು ಸೋವಿಯತ್ ಹುಡುಗರ ನಡುವೆ ದೊಡ್ಡ ಹೊಡೆದಾಟ ಎದ್ದಿತು. ಎರಡೂ ಬೆಂಚು ಖಾಲಿಯಾಗಿ, ಬಿಡಿಸಲಾರದೆ ಸಂಘಟಕರು ದೀಪ ಆರಿಸಿದರು. ಎರಡೂ ತಂಡಗಳು ಅನರ್ಹಗೊಂಡವು. ಆ ಗದ್ದಲದಲ್ಲಿ ಹಿಂಜರಿಯದೆ ಕಾದಿದ ಸೋವಿಯತ್ ಹುಡುಗನೊಬ್ಬ ಡೆಟ್ರಾಯ್ಟಿನವರ ಮನಸ್ಸಿನಲ್ಲಿ ಉಳಿದ. ಅವನು ಕಾನ್‌ಸ್ಟಾಂಟಿನೊವ್. ಸೇನಾ ತಂಡದ ನಾಯಕ, ಸೇನೆಯ ಅಧಿಕಾರಿ ಕೂಡ. ಫೆಡೊರೊವ್ ಹಾಗೆ ಓಡಿಬಂದರೆ ಅದು ಸೇನೆಗೆ ಬೆನ್ನು ತೋರಿಸಿದ ಅಪರಾಧವಾಗುತ್ತಿತ್ತು, ಹೆಂಡತಿ ಮಗಳು ಬೇರೆ ಇದ್ದರು. ಕೊನೆಗೆ ಗುಣವಾಗದ ಕಾಯಿಲೆ ಇದೆ ಎಂದು ವೈದ್ಯರಿಂದ ಸುಳ್ಳು ಕಾಗದ ಮಾಡಿಸಿ ಅವನನ್ನು ಸೇನೆಯಿಂದ ಬಿಡಿಸಿದರು. 1991ರಲ್ಲಿ ಅವನು ಡೆಟ್ರಾಯ್ಟಿಗೆ ಬಂದ.

ಅವನ ಆಟ ನೋಡುವುದೆಂದರೆ ಭಯ ಬೆರೆತ ಸಂತೋಷ. ಎದುರಾಳಿ ಒಂದು ಕ್ಷಣ ತಲೆ ತಗ್ಗಿಸಿದರೆ ಸಾಕು, ಅವನು ಎಲ್ಲಿಂದಲೋ ಬಂದು ಎದೆಗೆ ಎದೆ ಕೊಟ್ಟು ನಿಲ್ಲಿಸುತ್ತಿದ್ದ. ಹೊಡೆತ ತಿಂದವನು ಸಿಟ್ಟಿನಿಂದ ತಿರುಗಿದರೆ ಇವನು ತಣ್ಣಗೆ ಬೇರೆಲ್ಲೋ ನೋಡುತ್ತಿದ್ದ. 1995ರ ಅಕ್ಟೋಬರ್ 27ರಂದು ಕ್ಯಾಲ್ಗರಿಯಲ್ಲಿ ಕೋಚ್ ಸ್ಕಾಟಿ ಬೌಮನ್ ಐದು ಮಂದಿ ರಷ್ಯನ್ನರನ್ನು ಮೊದಲ ಸಲ ಒಟ್ಟಿಗೆ ಇಳಿಸಿದರು: ಫೆಡೊರೊವ್, ಕಾನ್‌ಸ್ಟಾಂಟಿನೊವ್, ವ್ಯಾಚೆಸ್ಲಾವ್ ಕೊಜ್ಲೊವ್, ಇಗೊರ್ ಲಾರಿಯೊನೊವ್, ಸ್ಲಾವಾ ಫೆಟಿಸೊವ್. ಕೊಜ್ಲೊವ್ ಕೂಡ 1990ರ ಮೂರನೆಯ ಸುತ್ತಿನವನೇ. ಅಮೆರಿಕದ ಹಾಕಿಯಲ್ಲಿ ಪಕ್ಕನ್ನು ಮುಂದಕ್ಕೆ ಎಸೆದು ಅದರ ಹಿಂದೆ ಓಡುವುದು ರೂಢಿ. ಈ ಐವರು ಹಾಗೆ ಮಾಡುತ್ತಿರಲಿಲ್ಲ. ದಾರಿ ಇಲ್ಲದಿದ್ದರೆ ಹಿಂದಕ್ಕೆ ತಿರುಗಿ, ಮತ್ತೆ ಹೆಣೆದು, ಮತ್ತೆ ಮುಂದೆ ಬರುತ್ತಿದ್ದರು. ಅದನ್ನು ನೋಡುವಾಗ ನನಗೆ ನಮ್ಮ ಹಳೆಯ ಹುಲ್ಲಿನ ಹಾಕಿಯ ಸಣ್ಣ ಪಾಸುಗಳ ನೆನಪು ಬರುತ್ತಿತ್ತು. ಈ ಆಟ ನನ್ನದೂ ಹೌದು ಅನ್ನಿಸಿದ್ದು ಆಗ.

1997ರ ಜೂನ್ 7ರಂದು ಫಿಲಡೆಲ್ಫಿಯಾವನ್ನು ಸೋಲಿಸಿ, ನಲವತ್ತೆರಡು ವರ್ಷಗಳ ಮೇಲೆ ಡೆಟ್ರಾಯ್ಟ್ ಕಪ್ ಗೆದ್ದಿತು. ಊರಿಗೆ ಊರೇ ವುಡ್‌ವರ್ಡ್ ಅವೆನ್ಯೂಗೆ ಇಳಿಯಿತು. ಆರು ದಿನಗಳ ಮೇಲೆ, ಅದೇ ವುಡ್‌ವರ್ಡ್ ರಸ್ತೆಯ ಬರ್ಮಿಂಗ್‌ಹ್ಯಾಮ್ ಎಂಬಲ್ಲಿ, ಸಂತೋಷಕೂಟದಿಂದ ಮರಳುತ್ತಿದ್ದ ಆಟಗಾರರ ಲಿಮೋಸಿನ್ ಮರಕ್ಕೆ ಗುದ್ದಿತು. ಫೆಟಿಸೊವ್ ಚೇತರಿಸಿಕೊಂಡ. ಕಾನ್‌ಸ್ಟಾಂಟಿನೊವ್‌ಗೂ ತಂಡದ ಮಸಾಜ್ ಮಾಡುತ್ತಿದ್ದ ಸೆರ್ಗೈ ಮ್ನತ್ಸಕಾನೊವ್‌ಗೂ ತಲೆಗೆ ಭಾರಿ ಪೆಟ್ಟು. ಕಾನ್‌ಸ್ಟಾಂಟಿನೊವ್ ಮತ್ತೆ ಆಡಲಿಲ್ಲ. ಆಗ ಅವನಿಗೆ ಮೂವತ್ತು ವರ್ಷ, ಆ ಸಾಲಿನ ನಾರಿಸ್ ಟ್ರೋಫಿಯ ಅಂತಿಮ ಪಟ್ಟಿಯಲ್ಲಿ ಅವನ ಹೆಸರಿತ್ತು. ಆ ಮರದ ಬುಡದಲ್ಲಿ ಜನ ಇಟ್ಟುಹೋದ ಹೂವಿನ ರಾಶಿಯ ಪಕ್ಕದಿಂದಲೇ ಆ ವಾರ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಕಾರಿನಲ್ಲಿ ರೇಡಿಯೊ ಹಾಕಲು ಮನಸ್ಸಾಗುತ್ತಿರಲಿಲ್ಲ.

ಮರುವರ್ಷ ಇಡೀ ಸೀಸನ್ ಆಟಗಾರರ ಎದೆಯ ಮೇಲೆ ಇಂಗ್ಲಿಷಿನಲ್ಲೂ ರಷ್ಯನ್ನಿನಲ್ಲೂ ನಂಬಿಕೆಯ ಮಾತು ಬರೆದ ಪಟ್ಟಿ ಇತ್ತು. 1998ರ ಜೂನ್ 16ರಂದು ವಾಷಿಂಗ್ಟನ್ನಿನಲ್ಲಿ ಮತ್ತೆ ಕಪ್ ಗೆದ್ದಾಗ ಕಾನ್‌ಸ್ಟಾಂಟಿನೊವ್‌ನನ್ನು ಗಾಲಿಕುರ್ಚಿಯಲ್ಲಿ ಮಂಜಿನ ಮೇಲೆ ತಂದರು, ನಾಯಕ ಐಜರ್‌ಮನ್ ಕಪ್ಪನ್ನು ನೇರ ಅವನ ಮಡಿಲಿಗೆ ಇಟ್ಟ. ಆಟಗಳ ಬಗ್ಗೆ ಮಾತಾಡುವಾಗ ಅಗ್ಗಕ್ಕೆ ಸಿಕ್ಕವರು, ಲಾಭದ ವ್ಯಾಪಾರ ಎಂದೆಲ್ಲ ಹೇಳುತ್ತೇವೆ. 221ನೆಯ ಹುಡುಗನ ವಿಷಯದಲ್ಲಿ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಅವನು ಕೊಟ್ಟದ್ದು ಬೆಲೆ ಕಟ್ಟುವ ಬಾಬತ್ತು ಅಲ್ಲ.

ಈಗ ಕಾದು ನಿಲ್ಲುತ್ತಿದ್ದವನ ಮಾತು. 1989ರ ಆ ಡ್ರಾಫ್ಟ್ ಮುಗಿದ ಮೇಲೆ ಡೆಟ್ರಾಯ್ಟಿನ ಸ್ಕೌಟಿಂಗ್ ಮುಖ್ಯಸ್ಥ ನೀಲ್ ಸ್ಮಿತ್ ನ್ಯೂಯಾರ್ಕ್ ರೇಂಜರ್ಸ್ ತಂಡಕ್ಕೆ ಹೋದರು, ಅವರ ಹಿಂದೆ ರಾಕ್‌ಸ್ಟ್ರಮ್ ಕೂಡ. ರಾಕ್‌ಸ್ಟ್ರಮ್ ಜಾಗಕ್ಕೆ ಬಂದವರು ಹೋಕನ್ ಆಂಡರ್ಸನ್. ಯುರೋಪಿನ ಸಣ್ಣ ಪುಟ್ಟ ಊರುಗಳ ಚಳಿಯ ರಿಂಕುಗಳಲ್ಲಿ ಚಳಿಗಾಲಗಳನ್ನು ಕಳೆದ ಈ ಮನುಷ್ಯನ ಹೆಸರು ಡೆಟ್ರಾಯ್ಟಿನಲ್ಲಿ ಆಟಗಾರರ ಹೆಸರಿನಷ್ಟೇ ಪ್ರಸಿದ್ಧ. 1994ರಲ್ಲಿ ಅವರ ಮಾತಿನ ಮೇಲೆ ತಂಡ ಹತ್ತನೆಯ ಸುತ್ತಿನಲ್ಲಿ 257ನೆಯವನಾಗಿ ತೋಮಸ್ ಹೋಮ್‌ಸ್ಟ್ರಮ್‌ನನ್ನು ಆರಿಸಿತು. ಸ್ವೀಡನ್ನಿನ ಉತ್ತರದ ಪಿತೆಯೊ ಊರಿನವನು, ಬೂದೆನ್ ಎಂಬ ಕೆಳದರ್ಜೆಯ ತಂಡದಲ್ಲಿ ಆಡುತ್ತಿದ್ದವನು. ವಯಸ್ಸು ಆಗಲೇ ಇಪ್ಪತ್ತೊಂದು. ಸ್ಕೇಟಿಂಗ್ ಅಷ್ಟಕ್ಕಷ್ಟೇ.

ಅವನು ಮಾಡುತ್ತಿದ್ದ ಕೆಲಸ ಒಂದೇ. ಎದುರಾಳಿ ಗೋಲಿಯ ಮುಂದೆ ಹೋಗಿ ಬೆನ್ನು ಮಾಡಿ ನಿಲ್ಲುವುದು. ಗೋಲಿಗೆ ಪಕ್ ಕಾಣಬಾರದು, ಅಷ್ಟೇ. ಕೇಳಲು ಸುಲಭ. ಹಿಂದಿನಿಂದ ಗೋಲಿಯ ಕೋಲು ಕಣಕಾಲಿಗೆ ಬೀಳುತ್ತದೆ, ಪಕ್ಕದಿಂದ ಡಿಫೆನ್ಸ್ ಆಟಗಾರ ಬೆನ್ನುಮೂಳೆಗೆ ಕೋಲು ಒತ್ತುತ್ತಾನೆ, ಮುಂದಿನಿಂದ ಲಿಡ್‌ಸ್ಟ್ರಮ್ ಹೊಡೆದ ಪಕ್ ಮುಖದ ಎತ್ತರಕ್ಕೆ ಬರುತ್ತದೆ. ಇಷ್ಟರ ನಡುವೆ ಇವನು ಕಣ್ಣು ಮಿಟುಕಿಸದೆ ನಿಂತು, ಬಂದ ಪಕ್ಕಿಗೆ ಕೋಲಿನ ತುದಿ ತಾಕಿಸಿ ದಿಕ್ಕು ತಪ್ಪಿಸುತ್ತಾನೆ. ಬೀಳಿಸಿದರೆ ಎದ್ದು ಮತ್ತೆ ಅಲ್ಲೇ ನಿಲ್ಲುತ್ತಾನೆ. ಹೆಸರಾಂತ ಗೋಲಿಗಳು ಅವನ ಮೇಲೆ ಸಿಡಿಮಿಡಿಗೊಂಡು ರೆಫರಿಗಳ ಕಡೆ ಕೈ ಚಾಚುವುದನ್ನು ನೋಡಿ ಇಡೀ ಅರೀನಾ ಕುಣಿಯುತ್ತಿತ್ತು. ಹದಿನೈದು ಸೀಸನ್, 1026 ಆಟ, ನಾಲ್ಕು ಸ್ಟ್ಯಾನ್ಲಿ ಕಪ್. ಟೂಲ್ ರೂಮಿನ ನಮ್ಮ ಹಿರಿಯರಿಗೆ ಎಲ್ಲರಿಗಿಂತ ಪ್ರಿಯನಾದವನು ಇವನೇ. ದಿನವಿಡೀ ಒಂದೇ ಯಂತ್ರದ ಮುಂದೆ ನಿಂತು ದುಡಿದವರಿಗೆ ಇವನ ಆಟ ಅರ್ಥವಾಗುತ್ತಿತ್ತು.

ಆಂಡರ್ಸನ್ ಅವರ ಅತಿ ದೊಡ್ಡ ಎರಡು ಆಯ್ಕೆಗಳು ಬಂದದ್ದು ಬೆನ್ನುಬೆನ್ನಿಗೆ. 1998ರಲ್ಲಿ ದಿಮಿತ್ರಿ ಕಲಿನಿನ್ ಎಂಬ ಡಿಫೆನ್ಸ್ ಹುಡುಗನನ್ನು ನೋಡಲೆಂದು ಅವರು ರಷ್ಯಾಕ್ಕೆ ಹೋದರು. ಅವನ ಎದುರಿನ ತಂಡದಲ್ಲಿದ್ದ ಸಣ್ಣ ಮೈಯ ಆಟಗಾರ ಅವರ ಕಣ್ಣು ಸೆಳೆದ. ಯೆಕಟೆರಿನ್‌ಬರ್ಗಿನ ಪಾವೆಲ್ ದತ್ಸ್ಯುಕ್. ಹಿಂದಿನ ಎರಡು ಡ್ರಾಫ್ಟುಗಳಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ. ಇನ್ನೊಮ್ಮೆ ನೋಡಲು ಹೊರಟಾಗ ಮಾಸ್ಕೋದಲ್ಲಿ ಹಿಮದ ಬಿರುಗಾಳಿಯಿಂದ ವಿಮಾನ ರದ್ದಾಯಿತು. ಅದೇ ವಿಮಾನದಲ್ಲಿ ಬೇರೊಂದು ತಂಡದ ಸ್ಕೌಟ್ ಕೂಡ ಇದ್ದರು, ಅವರೂ ಮರಳಿಹೋದರು. ಹೀಗಾಗಿ ಆ ವರ್ಷ ದತ್ಸ್ಯುಕ್‌ನನ್ನು ಕಣ್ಣಾರೆ ಕಂಡವರು ಬೆರಳೆಣಿಕೆ ಮಂದಿ. ಆರನೆಯ ಸುತ್ತಿನಲ್ಲಿ 171ನೆಯವನಾಗಿ ಡೆಟ್ರಾಯ್ಟ್ ಅವನನ್ನು ಬರೆದುಕೊಂಡಿತು. ಮುಂದಿನ ವರ್ಷ ಆ ತಂಡಕ್ಕೆ ಮೊದಲ ಮೂರು ಸುತ್ತುಗಳಲ್ಲಿ ಆಯ್ಕೆಯೇ ಇರಲಿಲ್ಲ, ಕಪ್ಪಿನ ಆಸೆಗೆ ಅವನ್ನೆಲ್ಲ ಹಿರಿಯ ಆಟಗಾರರಿಗಾಗಿ ಬಿಟ್ಟುಕೊಟ್ಟಿತ್ತು. ಆದರೂ ಏಳನೆಯ ಸುತ್ತಿನಲ್ಲಿ, 210ನೆಯವನಾಗಿ, ತಿಮ್ರೋ ತಂಡದ ಹೆನ್ರಿಕ್ ಜೆಟರ್‌ಬರ್ಗ್ ಸಿಕ್ಕಿದ. ಅಲ್ಲಿಗೂ ಆಂಡರ್ಸನ್ ಹೋದದ್ದು ಬೇರೊಬ್ಬ ಹುಡುಗನನ್ನು ನೋಡಲು.

ಇದು ಬರೀ ಅದೃಷ್ಟ ಎನ್ನುವವರಿದ್ದಾರೆ. ಅವರ ವಾದದಲ್ಲಿ ತೂಕವಿದೆ. ದತ್ಸ್ಯುಕ್ ಇಂಥವನಾಗುತ್ತಾನೆ ಎಂದು ನಿಜವಾಗಿ ಗೊತ್ತಿದ್ದರೆ ಡೆಟ್ರಾಯ್ಟ್ ಆರನೆಯ ಸುತ್ತಿನವರೆಗೆ ಕಾಯುತ್ತಿತ್ತೇ? ಅವನಿಗಿಂತ ಮೊದಲು ಐದು ಸುತ್ತುಗಳಲ್ಲಿ ಬೇರೆ ಹುಡುಗರನ್ನು ಆರಿಸಿತ್ತು, ಅವರಲ್ಲಿ ಲೀಗಿನಲ್ಲಿ ನೆಲೆ ನಿಂತವನು ಇರೀ ಫಿಶರ್ ಒಬ್ಬನೇ. ಬಿರುಗಾಳಿ ಬೀಸದೆ ಆ ವಿಮಾನ ಹಾರಿದ್ದರೆ ದತ್ಸ್ಯುಕ್ ಇನ್ನೊಂದು ಊರಿನ ಕತೆಯಾಗುತ್ತಿದ್ದ. ಇದೆಲ್ಲ ಸರಿ. ಆದರೆ ಬಿರುಗಾಳಿಗೆ ಮೊದಲೇ ಆಂಡರ್ಸನ್ ಅಲ್ಲಿಗೆ ಒಮ್ಮೆ ಹೋಗಿಯಾಗಿತ್ತು. ಒಬ್ಬನನ್ನು ನೋಡಲು ಹೋದಾಗ ಇನ್ನೊಬ್ಬನನ್ನೂ ಕಾಣುವ ಕಣ್ಣು ಇತ್ತು. ಹುಡುಗನ ಕ್ರಮಾಂಕ ಹೇಳುವುದು ಹುಡುಗನ ಯೋಗ್ಯತೆಯನ್ನಲ್ಲ, ಉಳಿದವರು ಎಷ್ಟು ದೂರದಲ್ಲಿ ನಿಂತು ನೋಡಿದರು ಎಂಬುದನ್ನು. 1989ರಲ್ಲಿ ಆ ದೂರದ ಹೆಸರು ಭಯ, 1998ರಲ್ಲಿ ಭೂಗೋಳ.

ಇನ್ನೊಂದು ಮಾತಿದೆ, ಅದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಆರಿಸಿದ ಮೇಲೆ ಡೆಟ್ರಾಯ್ಟ್ ಅವಸರ ಮಾಡಲಿಲ್ಲ. ದತ್ಸ್ಯುಕ್ ಮೂರು ವರ್ಷ ರಷ್ಯಾದಲ್ಲೇ ಆಡಿದ, ಜೆಟರ್‌ಬರ್ಗ್ ಮೂರು ವರ್ಷ ಸ್ವೀಡನ್ನಿನಲ್ಲಿ. ಕಾಯಿ ಮಾವನ್ನು ಹುಲ್ಲಿನಲ್ಲಿಟ್ಟು ಮರೆತಂತೆ ಇದ್ದು, ಮಾಗಿದ ಮೇಲೆ ಕರೆಸಿದರು. ತಂಡ ಆಗಲೇ ಗೆಲ್ಲುತ್ತಿದ್ದುದರಿಂದ ಈ ತಾಳ್ಮೆ ಸಾಧ್ಯವಾಯಿತು. 2001ರಲ್ಲಿ ದತ್ಸ್ಯುಕ್ ಬಂದಾಗ ಜೊತೆಗೆ ಬ್ರೆಟ್ ಹಲ್‌ನಂಥ ಹಿರಿಯನಿದ್ದ, ತಪ್ಪಿದರೂ ತಂಡ ಮುಳುಗುತ್ತಿರಲಿಲ್ಲ. ಸೋಲುವ ತಂಡ ಇದೇ ಹುಡುಗನನ್ನು ಹತ್ತೊಂಬತ್ತಕ್ಕೇ ಎಳೆದು ತಂದು, ಮೈಯಿಲ್ಲ ಎಂದು ಇಪ್ಪತ್ತೊಂದಕ್ಕೆ ಮನೆಗೆ ಕಳಿಸುತ್ತಿತ್ತೋ ಏನೋ.

ದತ್ಸ್ಯುಕ್‌ನನ್ನು ನಾನು ಹತ್ತಿರದಿಂದ ಕಂಡದ್ದು ಟ್ರಾವರ್ಸ್ ಸಿಟಿಯಲ್ಲಿ. ಸೆಪ್ಟೆಂಬರಿನಲ್ಲಿ ಸೀಸನ್ನಿಗೆ ಮೊದಲು ತಂಡ ಅಲ್ಲಿ ತರಬೇತಿ ಶಿಬಿರ ನಡೆಸುತ್ತದೆ, ಊರಿನವರು ಹೋಗಿ ನೋಡಬಹುದು. ಚಿಕ್ಕ ರಿಂಕು, ಗಾಜಿಗೆ ಮೂಗು ಒತ್ತಿ ನಿಲ್ಲಬಹುದು. ನನ್ನ ಮಗಳು ಗಾಜಿನ ಮೇಲೆ ಉಸಿರಿನಿಂದ 13 ಎಂದು ಅವನ ಜೆರ್ಸಿಯ ಸಂಖ್ಯೆ ಬರೆದಳು. ಒಬ್ಬ ದೊಡ್ಡ ಮೈಯವನು ಪಕ್ ಹಿಡಿದು ಮೂಲೆಯಿಂದ ಹೊರಟ. ದತ್ಸ್ಯುಕ್ ಅವನ ಹಿಂದೆ, ಅವಸರವಿಲ್ಲದೆ. ಹತ್ತಿರವಾದಾಗ ತನ್ನ ಕೋಲನ್ನು ಅವನ ಕೋಲಿನ ಅಡಿಗೆ ತೂರಿಸಿ ಒಂದಿಂಚು ಮೇಲಕ್ಕೆತ್ತಿದ. ಅಷ್ಟೇ. ಪಕ್ ಇದ್ದಲ್ಲೇ ಇತ್ತು, ಒಡೆಯ ಬದಲಾಗಿದ್ದ. ಆ ದೊಡ್ಡವನು ಇನ್ನೆರಡು ಹೆಜ್ಜೆ ಬರಿಗೋಲಿನಲ್ಲಿ ಓಡಿದ ಮೇಲೆ ಅವನಿಗೆ ತಿಳಿಯಿತು. ಮುಟ್ಟದೆ ಗೆಲ್ಲುವ ಈ ವಿದ್ಯೆಗೆ ಲೀಗ್ ಕೊಟ್ಟ ಗೌರವ: ಸಭ್ಯ ಆಟದ ಲೇಡಿ ಬಿಂಗ್ ಟ್ರೋಫಿ ಸತತ ನಾಲ್ಕು ಸಲ, ರಕ್ಷಣೆಯಲ್ಲೂ ಮೇಲಾದ ಮುಂಚೂಣಿ ಆಟಗಾರನಿಗೆ ಕೊಡುವ ಸೆಲ್ಕೆ ಮೂರು ಸಲ. 2024ರಲ್ಲಿ ಹಾಲ್ ಆಫ್ ಫೇಮ್.

ಇವರನ್ನು ನೋಡಿ ನಾನೂ ಒಂದು ಪಾಠ ಕಲಿತೆ. ನನ್ನ ಕೆಲಸದ ಜಾಗದಲ್ಲಿ ಆ ದಿನಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಸಮಿತಿಗೆ ನನ್ನನ್ನೂ ಹಾಕಿದ್ದರು. ಅರ್ಜಿಗಳು ನಮ್ಮ ಕೈಗೆ ಬರುವ ಮುಂಚೆಯೇ ಕಾಲೇಜಿನ ಹೆಸರು ನೋಡಿ ಎರಡು ಕಟ್ಟಾಗಿ ಬರುತ್ತಿದ್ದವು, ಎರಡನೆಯ ಕಟ್ಟನ್ನು ಯಾರೂ ಬಿಚ್ಚುತ್ತಿರಲಿಲ್ಲ. ಮೇಲಿನವರಿಗೆ ಹೇಳಿ ಆ ಕಟ್ಟನ್ನು ನನ್ನ ಮೇಜಿಗೆ ತರಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಶನಿವಾರ ಬೆಳಗ್ಗೆ ಕೂತು ಓದುತ್ತಿದ್ದೆ. ಆ ಕಟ್ಟಿನಿಂದ ಬಂದ ಕೆಲವರು ಆಮೇಲೆ ನನಗಿಂತ ಮೇಲಿನ ಹುದ್ದೆಗೆ ಹೋದರು. ಅದರ ಸಂತೋಷ ಇವತ್ತಿಗೂ ಇದೆ.

2008. ಆ ವರ್ಷದ ತಂಡ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಅದು ತಡವಾಗಿ ಆರಿಸಿದವರ ತಂಡ. ನಾಯಕ 53ನೆಯವನು. ಮುಂಚೂಣಿಯಲ್ಲಿ 171, 210, 257 ಒಂದೇ ಸಾಲಿನಲ್ಲಿ. ಫೈನಲ್ ಪಿಟ್ಸ್‌ಬರ್ಗ್ ಜೊತೆ. ಅವರ ಸಿಡ್ನಿ ಕ್ರಾಸ್ಬಿ 2005ರ ಡ್ರಾಫ್ಟಿನ ಮೊದಲನೆಯವನು, ಎವ್ಗೆನಿ ಮಾಲ್ಕಿನ್ 2004ರ ಎರಡನೆಯವನು. ನಾಲ್ಕನೆಯ ಆಟ, ಡೆಟ್ರಾಯ್ಟ್ 2-1ರಿಂದ ಮುಂದಿದೆ, ಕೊನೆಯ ಅವಧಿ. ನಮ್ಮವರು ಇಬ್ಬರು ಶಿಕ್ಷೆಯ ಪೆಟ್ಟಿಗೆಯಲ್ಲಿ. ಅತ್ತ ಐವರು, ಇತ್ತ ಮೂವರು, ಸುಮಾರು ಒಂದೂವರೆ ನಿಮಿಷ. ಪಂಪ ಕನ್ನಡ ಕೂಟದ ಗೆಳೆಯರು ನಾಲ್ಕಾರು ಮಂದಿ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತಿದ್ದೆವು, ಚಿತ್ರಾನ್ನದ ತಟ್ಟೆಗಳು ಹಾಗೇ ಉಳಿದಿದ್ದವು. ಪಕ್ ಗೋಲಿನ ಕಂಬದ ಪಕ್ಕದಲ್ಲಿ ನಿಂತಿದ್ದ ಕ್ರಾಸ್ಬಿಯ ಕಡೆ ಬಂತು. ಎದುರಿಗೆ ಗೋಲು ಅರ್ಧ ತೆರೆದಿದೆ, ಅವನು ಕೋಲು ಇಳಿಸಿದರೆ ಮುಗಿಯಿತು. ಜೆಟರ್‌ಬರ್ಗ್ ಹಿಂದಿನಿಂದ ಬಂದು ಅವನ ಕೋಲನ್ನು ತನ್ನ ಕೋಲಿನಿಂದ ಒತ್ತಿ ಹಿಡಿದ. ಪಕ್ ಹಾಗೇ ದಾಟಿಹೋಯಿತು. ಆಟ 2-1ರಲ್ಲೇ ಮುಗಿಯಿತು. ಜೂನ್ 4ರಂದು ಆರನೆಯ ಆಟದಲ್ಲಿ 3-2ರಿಂದ ಕಪ್ ಬಂತು, ಗೆಲುವಿನ ಗೋಲು ಜೆಟರ್‌ಬರ್ಗ್‌ನದು, ಕಪ್ಪಿಗಾಗಿ ನಡೆಯುವ ಪ್ಲೇಆಫಿನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿಯೂ ಅವನದೇ. ಯುರೋಪಿನಲ್ಲಿ ಬೆಳೆದವನೊಬ್ಬ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿದ್ದು ಅದೇ ಮೊದಲು. ಲಿಡ್‌ಸ್ಟ್ರಮ್ ಅದನ್ನು ಎತ್ತಿದ ರೀತಿಯಲ್ಲೂ ಆತುರವಿರಲಿಲ್ಲ.

ಆ ಕಾಲ ಮತ್ತೆ ಬರುವುದಿಲ್ಲ. ಈಗ ಎಲ್ಲ ತಂಡಗಳಿಗೂ ಯುರೋಪಿನಲ್ಲಿ ಸ್ಕೌಟುಗಳಿದ್ದಾರೆ, ಸೈಬೀರಿಯಾದ ಹುಡುಗನ ಆಟವೂ ರಾತ್ರಿ ಕಳೆಯುವುದರೊಳಗೆ ಟೊರೊಂಟೊದ ಕಚೇರಿಯಲ್ಲಿ ಕಾಣುತ್ತದೆ. 2017ರಲ್ಲಿ ಡೆಟ್ರಾಯ್ಟಿನ ಸತತ ಇಪ್ಪತ್ತೈದು ವರ್ಷಗಳ ಪ್ಲೇಆಫ್ ಸರಣಿ ಮುರಿಯಿತು. ಅದೇ ವರ್ಷ ಜೋ ಲೂಯಿಸಿನಲ್ಲಿ ಕೊನೆಯ ಆಟವೂ ಆಯಿತು.

ಹಳೆಯ ಗೆಳೆಯರು ಫೋನ್ ಮಾಡಿದಾಗ ಈಗಲೂ ವಾದ ನಡೆಯುತ್ತದೆ, ಇವರಲ್ಲಿ ಯಾರು ಎಲ್ಲಕ್ಕಿಂತ ಅಗ್ಗಕ್ಕೆ ಸಿಕ್ಕ ಚಿನ್ನ ಎಂದು. ಹೆಚ್ಚಿನವರು ದತ್ಸ್ಯುಕ್ ಎನ್ನುತ್ತಾರೆ. ಶ್ರೇಷ್ಠ ಆಟಗಾರ ಯಾರೆಂದರೆ ಲಿಡ್‌ಸ್ಟ್ರಮ್, ಅದರಲ್ಲಿ ಚರ್ಚೆಯೇ ಇಲ್ಲ. ಕಾನ್‌ಸ್ಟಾಂಟಿನೊವ್‌ನನ್ನು ನಾನು ಈ ಪಟ್ಟಿಯಿಂದ ಹೊರಗಿಡುತ್ತೇನೆ, ಕಾರಣ ಆಗಲೇ ಹೇಳಿದೆ. ಚಿನ್ನದ ಮಾತಿಗೆ ಬಂದರೆ ನನ್ನ ಮತ ಹೋಮ್‌ಸ್ಟ್ರಮ್‌ಗೆ. 2005ರಿಂದ ಡ್ರಾಫ್ಟನ್ನು ಏಳು ಸುತ್ತಿಗೆ ಇಳಿಸಿದ್ದಾರೆ. ಮೂವತ್ತೆರಡು ತಂಡ, ಏಳು ಸುತ್ತು, 224ರ ಆಸುಪಾಸಿನಲ್ಲಿ ಪಟ್ಟಿ ಮುಗಿಯುತ್ತದೆ. ದತ್ಸ್ಯುಕ್, ಜೆಟರ್‌ಬರ್ಗ್ ಆ ಪಟ್ಟಿಯಲ್ಲಿ ಇವತ್ತಿಗೂ ಹಿಡಿಯುತ್ತಾರೆ. 257 ಎಂಬ ಕ್ರಮಾಂಕವೇ ಈಗ ಇಲ್ಲ. ಬೂದೆನ್ನಿನ ರಿಂಕಿನಲ್ಲಿ ಇವತ್ತು ಅಂಥ ಹುಡುಗನೊಬ್ಬ ಗೋಲಿಯ ಮುಂದೆ ಬೆನ್ನು ಮಾಡಿ ನಿಂತಿದ್ದರೆ, ಯಾರಾದರೂ ಅಲ್ಲಿಗೇ ಹೋಗಿ, ಅವನೊಡನೆ ಮಾತಾಡಿ, ನೇರವಾಗಿ ಕರಾರು ಮಾಡಿಕೊಳ್ಳಬೇಕು.